ಅವನಿಜನಾಶ್ರಯನ ನಾಡಿನಲ್ಲಿ ಮೂರು ಊರು



ದೇಶ ಸುತ್ತು, ಕೋಶ ಓದು ಎಂದು ನಮ್ಮ ಹಿರಿಯರು ಹೇಳಿದ್ದಾರೆ. ನೀವು ದೇಶ ಸುತ್ತಲು ಹೊರಟರೆ ಮನಾಲಿಗೆ ಹೋಗುತ್ತೀರಿ, ಗೋವೆಗೆ ಹೋಗುತ್ತೀರಿ. ಅಪ್ಪ ಅಮ್ಮನ ಒತ್ತಾಯಕ್ಕೆ ಎರಡು ವರ್ಷಕ್ಕೊಮ್ಮೆ ಊರಿಗೆ ಹೋಗಿ, ಅಜ್ಜಿಯ ಕೈಯ ನೀರುದೋಸೆ ತಿಂದು, ನೆಂಟರ ಪ್ರಶ್ನೆಗಳಿಗೆ ಅರ್ಧ ಕನ್ನಡ ಅರ್ಧ ಗುಜರಾತಿಯಲ್ಲಿ ಉತ್ತರಿಸಿ ಹಿಂದಿರುಗುತ್ತೀರಿ. ಆದರೆ ನೀವು ಹುಟ್ಟಿ ಬೆಳೆದ ಸೂರತ್, ವಡೋದರಾ, ಅಹಮದಾಬಾದುಗಳನ್ನು ಒಮ್ಮೆಯಾದರೂ ಪ್ರವಾಸಿಯ ಕಣ್ಣಿನಿಂದ ನೋಡಿದ್ದೀರಾ? ಇಲ್ಲವೆಂದಾದರೆ ಈ ಸಲ ನನ್ನ ಜೊತೆ ಬನ್ನಿ. ಖರ್ಚು ಹೆಚ್ಚಿಲ್ಲ. ಮುಂಬಯಿಯಿಂದ ಅಹಮದಾಬಾದಿಗೆ ಒಂದು ರೈಲು ಟಿಕೇಟು ಸಾಕು.

ಈ ಪ್ರವಾಸದ ಯೋಚನೆ ಹುಟ್ಟಿದ್ದು ನನ್ನ ಮಗಳು ಕೇಳಿದ ಒಂದು ಪ್ರಶ್ನೆಯಿಂದ. 2025ರ ನವೆಂಬರ್ 4ರಂದು ಗುಜರಾತಿನಲ್ಲಿ ಮತದಾರರ ಪಟ್ಟಿಯ ವಿಶೇಷ ತೀವ್ರ ಪರಿಷ್ಕರಣೆ ಆರಂಭವಾಯಿತು. ನಮ್ಮ ವಡೋದರಾದ ಮನೆಗೂ ಮತಗಟ್ಟೆಯ ಅಧಿಕಾರಿ ಬಂದು ಫಾರ್ಮುಗಳನ್ನು ಕೊಟ್ಟುಹೋದರು. 2002ರ ಪಟ್ಟಿಯಲ್ಲಿ ನಮ್ಮ ಹೆಸರಾಗಲಿ, ತಂದೆ ತಾಯಿಯ ಹೆಸರಾಗಲಿ ಎಲ್ಲಿತ್ತು ಎಂಬುದನ್ನು ಅದರಲ್ಲಿ ತುಂಬಬೇಕಿತ್ತು. ನಾನು 1984ರಲ್ಲಿ ಕುಂದಾಪುರದ ಕಡೆಯಿಂದ ತಂದಿದ್ದ ಹಳೆಯ ಟ್ರಂಕನ್ನು ಮಂಚದ ಅಡಿಯಿಂದ ಎಳೆದು ತೆರೆದೆ.

ಅದರೊಳಗೆ ನಾನು ಒಬ್ಬನಲ್ಲ, ಮೂರು ಜನ ಇದ್ದೆ! ಶಾಲೆಯ ಸರ್ಟಿಫಿಕೇಟಿನಲ್ಲಿ ನನ್ನ ಜಿಲ್ಲೆ ದಕ್ಷಿಣ ಕನ್ನಡ. 1997ರಲ್ಲಿ ಉಡುಪಿ ಬೇರೆ ಜಿಲ್ಲೆಯಾದ್ದರಿಂದ ಪಾಸ್‌ಪೋರ್ಟಿನಲ್ಲಿ ಉಡುಪಿ. ಹೆಸರಿನ ಮುಂದಿದ್ದ ಊರಿನ ಇನಿಶಿಯಲ್ ಗುಜರಾತಿನ ಒಂದು ದಾಖಲೆಯಲ್ಲಿ ಅಡ್ಡಹೆಸರಾಗಿಯೂ ಇನ್ನೊಂದರಲ್ಲಿ ತಂದೆಯ ಹೆಸರಾಗಿಯೂ ಬಡ್ತಿ ಪಡೆದಿತ್ತು. ಇಲ್ಲಿ ಮೊದಲು ಅಡ್ಡಹೆಸರು, ಆಮೇಲೆ ಸ್ವಂತ ಹೆಸರು, ಕೊನೆಗೆ ತಂದೆಯ ಹೆಸರು ಬರೆಯುವ ಪದ್ಧತಿಯಲ್ಲವೇ? ನಮ್ಮ ಇನಿಶಿಯಲ್ಲುಗಳು ಆ ಮೂರು ಖಾನೆಗಳಲ್ಲಿ ಎಲ್ಲಿ ಕೂತುಕೊಳ್ಳಬೇಕೆಂದು ತಿಳಿಯದೆ ಕಂಗಾಲಾಗುತ್ತವೆ. ನಿಮ್ಮ ಮನೆಯ ಕಥೆಯೂ ಇದೇ ಇರಬಹುದು.

ಕೊನೆಗೆ 2002ರ ಪಟ್ಟಿಯಲ್ಲಿ ನನ್ನ ಹೆಸರು ಸಿಕ್ಕಿತು, ಹೆಂಡತಿಯದು ಸಿಗಲಿಲ್ಲ. ಅವಳಿಗಾಗಿ ಊರಿನ ಹಳೆಯ ಪಟ್ಟಿಯಲ್ಲಿ ಮಾವನವರ ಹೆಸರನ್ನು ಹುಡುಕಿಸಬೇಕಾಯಿತು. ಇದನ್ನೆಲ್ಲ ನೋಡುತ್ತಾ ನಿಂತಿದ್ದ ಮಗಳು, "ಅಪ್ಪಾ, ನಿಮ್ಮ ಹೆಸರೂ ಸಿಗದೆ ಹೋಗಿದ್ದರೆ ನಾನು ಎಲ್ಲಿಯವಳು?" ಎಂದಳು. ಅವಳು ಹುಟ್ಟಿದ್ದು ಇದೇ ವಡೋದರಾದಲ್ಲಿ. ನಾನು "ನದೀಮೂಲ ಋಷಿಮೂಲ ಹುಡುಕಬಾರದಮ್ಮಾ" ಎಂದು ನಗೆಯಾಡಿದೆ. ಅವಳು ನಗಲಿಲ್ಲ. ಆ ರಾತ್ರಿ ನನಗೂ ಸರಿಯಾಗಿ ನಿದ್ರೆ ಬರಲಿಲ್ಲ.

ಯೋಚಿಸಿ ನೋಡಿ. ಜನನ ಪ್ರಮಾಣಪತ್ರ, ಪಾಸ್‌ಪೋರ್ಟು, ನೌಕರಿ, ಸ್ವಂತ ಮನೆ ಎಲ್ಲ ಇರುವ ನಮಗೇ ಹೀಗಾದರೆ, ಇವು ಯಾವುವೂ ಇಲ್ಲದವರ ಗತಿಯೇನು? ಈಚಿನ ವರ್ಷಗಳಲ್ಲಿ ಈ ಚಿಂತೆ ಎಲ್ಲ ಕಡೆಯೂ ಹಬ್ಬಿದೆ. ಅಮೆರಿಕದಲ್ಲಿ 2025ರ ಜನವರಿ 20ರಂದು ಅಧಿಕಾರ ವಹಿಸಿಕೊಂಡ ಹೊಸ ಸರಕಾರ ಅದೇ ದಿನ, ತಾತ್ಕಾಲಿಕ ವೀಸಾದಲ್ಲಿರುವವರ ಮಕ್ಕಳಿಗೆ ಹುಟ್ಟಿನಿಂದ ಪೌರತ್ವವಿಲ್ಲ ಎಂಬ ಆದೇಶ ಹೊರಡಿಸಿತು. ಜಾರಿಗೆ ಬರುವ ಮೊದಲೇ ನ್ಯಾಯಾಲಯಗಳು ಅದನ್ನು ತಡೆದವು. ಆದರೂ ಬಸುರಿ ಸೊಸೆ, ಮಗಳು ಅಲ್ಲಿದ್ದ ನಮ್ಮ ಎಷ್ಟೋ ಮನೆಗಳಲ್ಲಿ ಆ ಚಳಿಗಾಲ ದಿಗಿಲಿನಲ್ಲೇ ಕಳೆಯಿತು. ನಮ್ಮ ದೇಶದಲ್ಲಿಯೂ 2024ರ ಜೂನಿನಲ್ಲಿ ಮತ್ತೆ ರಚನೆಯಾದ ಕೇಂದ್ರ ಸರಕಾರ ಮರುವರ್ಷ ವಲಸೆ ಮತ್ತು ವಿದೇಶಿಯರ ಕಾಯ್ದೆಯನ್ನು ತಂದಿತು. 1920, 1939, 1946 ಮತ್ತು 2000ದ ನಾಲ್ಕು ಹಳೆಯ ಕಾಯ್ದೆಗಳ ಬದಲಿಗೆ ಅದು 2025ರ ಸೆಪ್ಟೆಂಬರ್ 1ರಿಂದ ಜಾರಿಗೆ ಬಂತು. ಗಡಿ ಇರುವ ದೇಶಕ್ಕೆ ಇಂತಹ ಕಾನೂನು ಬೇಕು. ಬೇಡ ಎನ್ನುವವನು ನಾನಲ್ಲ. ಆದರೆ ಕಾವಲು ಮತ್ತು ಆಶ್ರಯ ಎಂಬ ಎರಡು ಕೆಲಸಗಳನ್ನು ಒಂದೇ ಕೈ ಮಾಡಬಲ್ಲುದೇ? ಇದನ್ನು ನೋಡುವುದಕ್ಕಾಗಿಯೇ ರೈಲು ಹತ್ತೋಣ.

ಮುಂಬಯಿ ಬಿಟ್ಟು ಡಹಾಣು ದಾಟಿ, ಗುಜರಾತಿನ ಗಡಿ ಹೊಕ್ಕ ಸ್ವಲ್ಪ ಹೊತ್ತಿನಲ್ಲೇ ಸಂಜಾಣ ಎಂಬ ಪುಟ್ಟ ಸ್ಟೇಷನ್ ಬರುತ್ತದೆ. ವೇಗದ ಗಾಡಿಗಳು ಇಲ್ಲಿ ನಿಲ್ಲುವುದಿಲ್ಲ. ಆದುದರಿಂದ ಕಿಟಕಿಯ ಪಕ್ಕ ಎಚ್ಚರವಾಗಿ ಕುಳಿತಿರಿ. ಇರಾನಿನಿಂದ ಹಡಗೇರಿ ಬಂದ ಪಾರ್ಸಿಗಳು ನೆಲೆ ನಿಂತದ್ದು ಈ ಸಂಜಾಣದಲ್ಲಿ. ರಾಜ ಅಂಚಿನವರೆಗೆ ಹಾಲು ತುಂಬಿದ ಪಾತ್ರೆಯನ್ನು ಕಳಿಸಿ "ಇಲ್ಲಿ ಜಾಗವಿಲ್ಲ" ಎಂದು ಸೂಚಿಸಿದ, ಪಾರ್ಸಿ ಗುರು ಅದರಲ್ಲಿ ಸಕ್ಕರೆ ಬೆರೆಸಿ ಹಿಂದಕ್ಕೆ ಕಳಿಸಿದ ಎಂಬ ಕಥೆಯನ್ನು ನೀವು ಶಾಲೆಯಲ್ಲಿ ಕೇಳಿರುತ್ತೀರಿ. ಅದು ಬಾಯಿಂದ ಬಾಯಿಗೆ ಬಂದ ಕಥೆ. 1599ರಲ್ಲಿ ರಚಿತವಾದ ಕಿಸ್ಸಾ-ಎ-ಸಂಜಾನ್ ಎಂಬ ಪಾರ್ಸಿ ಕಾವ್ಯದಲ್ಲಿ ಹಾಲು ಸಕ್ಕರೆ ಇಲ್ಲ, ರಾಜನ ಷರತ್ತುಗಳಿವೆ: ನಿಮ್ಮ ಧರ್ಮವೇನೆಂದು ತಿಳಿಸಿ, ಈ ನೆಲದ ಭಾಷೆ ಕಲಿಯಿರಿ, ನಿಮ್ಮ ಹೆಂಗಸರು ಇಲ್ಲಿಯ ಉಡುಗೆ ಉಡಲಿ, ಆಯುಧ ಕೆಳಗಿಡಿ, ಮದುವೆಗಳನ್ನು ಸಂಜೆ ಮಾಡಿ. ನೋಡಿ, ರಾಜ ಕಣ್ಣುಮುಚ್ಚಿ ಬಾಗಿಲು ತೆರೆಯಲಿಲ್ಲ. ಆಯುಧ ಇಡಿಸಿದ, ಜಾಗ ಕೊಟ್ಟ. ಎರಡನ್ನೂ ಮಾಡಿದ.

ಇನ್ನೊಂದು ಸಂಗತಿ ಇದಕ್ಕಿಂತ ಸೋಜಿಗದ್ದು. ನಮ್ಮ ಕಲಬುರಗಿ ಜಿಲ್ಲೆಯ ಮಾನ್ಯಖೇಟದಿಂದ, ಈಗಿನ ಮಳಖೇಡದಿಂದ, ಆಳುತ್ತಿದ್ದ ರಾಷ್ಟ್ರಕೂಟರಿಗೆ ಈ ಕರಾವಳಿಯೂ ಸೇರಿತ್ತು. ಡಹಾಣುವಿನ ಹತ್ತಿರದ ಚಿಂಚಣಿಯಲ್ಲಿ ಸಿಕ್ಕಿದ ಕ್ರಿ.ಶ. 926ರ ತಾಮ್ರಶಾಸನದ ಪ್ರಕಾರ, ಸಂಜಾಣ ಸೀಮೆಯನ್ನು ನೋಡಿಕೊಳ್ಳಲು ರಾಷ್ಟ್ರಕೂಟ ಇಮ್ಮಡಿ ಕೃಷ್ಣ ನೇಮಿಸಿದ್ದು ಮಧುಮತಿ ಎಂಬ ತಾಜಿಕನನ್ನು. ತಾಜಿಕ ಎಂದರೆ ಅರಬ. ಮಧುಮತಿ ಎನ್ನುವುದು ಮಹಮ್ಮದ್ ಎಂಬ ಹೆಸರಿನ ಸಂಸ್ಕೃತ ರೂಪ. ಈ ಅಧಿಕಾರಿ ಹೊಳೆ ದಾಟುವವರಿಗೆ ಪುಕ್ಕಟೆ ದೋಣಿ ಇಡಿಸಿದ, ದಾರಿಹೋಕರಿಗೆ ಅನ್ನಸತ್ರ ಕಟ್ಟಿಸಿದ. ಅಲ್ಲಿಯ ಮಠವೊಂದಕ್ಕೆ ದತ್ತಿಯೂ ಅವನ ಮೂಲಕವೇ ಸಂದಿತು. ಕನ್ನಡ ನಾಡಿನ ದೊರೆ, ಅರಬ ಅಧಿಕಾರಿ, ಗುಜರಾತಿನ ದಾರಿಹೋಕ, ಎಲ್ಲರೂ ಒಂದೇ ತಾಮ್ರದ ತಗಡಿನಲ್ಲಿದ್ದಾರೆ.

"ಆಗ ಶತ್ರುಗಳ ಭಯ ಇರಲಿಲ್ಲವೋ ಏನೋ" ಎಂದು ನೀವು ಕೇಳಬಹುದು. ಇತ್ತು. ರೈಲು ಇನ್ನಷ್ಟು ಉತ್ತರಕ್ಕೆ ಸಾಗಿ ನವಸಾರಿ ಮುಟ್ಟಲಿ, ಹೇಳುತ್ತೇನೆ. ಸಂಜಾಣದ ಮಧುಮತಿಗಿಂತ ಇನ್ನೂರು ವರ್ಷ ಮೊದಲು ಇದು ಬಾದಾಮಿ ಚಾಲುಕ್ಯರ ಒಂದು ಶಾಖೆಯ ನೆಲೆಯಾಗಿತ್ತು. ಇಲ್ಲಿಯ ಅರಸ ಪುಲಕೇಶಿ, ಸಿಂಧಿನ ಕಡೆಯಿಂದ ಒಂದೊಂದೇ ರಾಜ್ಯವನ್ನು ಸೋಲಿಸುತ್ತಾ ನುಗ್ಗಿ ಬಂದ ತಾಜಿಕ ಸೈನ್ಯವನ್ನು ನವಸಾರಿಯ ಹತ್ತಿರ ಹಿಮ್ಮೆಟ್ಟಿಸಿದ. ಬಾದಾಮಿಯ ಇಮ್ಮಡಿ ವಿಕ್ರಮಾದಿತ್ಯ ಮೆಚ್ಚಿ, ಹಿಮ್ಮೆಟ್ಟದವರನ್ನು ಹಿಮ್ಮೆಟ್ಟಿಸಿದವನು ಎಂಬ ಅರ್ಥದ 'ಅನಿವರ್ತಕ ನಿವರ್ತಯಿತೃ' ಎಂಬ ಬಿರುದನ್ನು ಇತರ ಬಿರುದುಗಳೊಡನೆ ಕೊಟ್ಟ. ಇದೆಲ್ಲ ಕ್ರಿ.ಶ. 738-39ರ ನವಸಾರಿ ತಾಮ್ರಶಾಸನದಲ್ಲಿದೆ. ಆದರೆ ಇದೇ ಪುಲಕೇಶಿಗೆ ಇನ್ನೊಂದು ಬಿರುದಿತ್ತು. ಇತಿಹಾಸದ ಪುಸ್ತಕಗಳು ಅವನನ್ನು ಇಂದಿಗೂ ಆ ಬಿರುದಿನಿಂದಲೇ ಗುರುತಿಸುತ್ತವೆ: ಅವನಿಜನಾಶ್ರಯ. ಅಂದರೆ ಭೂಮಿಯ ಜನರಿಗೆ ಆಶ್ರಯನಾದವನು.

ಗಡಿ ಕಾಯ್ದವನೂ ಅವನೇ, ಆಶ್ರಯವೆನಿಸಿದವನೂ ಅವನೇ. ತಾಜಿಕರ ಸೈನ್ಯ ಬಂದಾಗ ನಮ್ಮವರು ಕತ್ತಿ ಹಿಡಿದರು. ತಾಜಿಕನೊಬ್ಬ ಬಾಳಲು ಬಂದಾಗ ಅಧಿಕಾರವನ್ನೇ ಕೈಗಿತ್ತರು. ಸೈನ್ಯ ಬೇರೆ, ಮನುಷ್ಯ ಬೇರೆ ಎಂಬ ವಿವೇಕ ಅವರಿಗಿತ್ತು. ಈ ಮಾತನ್ನು ಗಂಟುಕಟ್ಟಿಕೊಂಡು ಮುಂದಿನ ಸ್ಟೇಷನ್ನಿನಲ್ಲಿ ಇಳಿಯೋಣ.

ಸೂರತ್ ಬಂತು. ಡುಮಸ್ ಸಮುದ್ರತೀರ, ಜವಳಿ ಮಾರುಕಟ್ಟೆ, ಘಾರಿ ಮಿಠಾಯಿ ನಿಮಗೆ ಗೊತ್ತು. ನಾನು ತೋರಿಸಬೇಕೆಂದಿರುವುದು ಮುಗಲ್ ಸರಾಯಿ. ಮೊಗಲರ ಕಾಲದಲ್ಲಿ ಮೆಕ್ಕಾ ಯಾತ್ರೆಯ ಹಡಗುಗಳು ಹೊರಡುತ್ತಿದ್ದುದು ಸೂರತ್ತಿನಿಂದ. ಯಾತ್ರಿಕರು ತಂಗಲೆಂದು 1644ರಲ್ಲಿ, ಶಹಾಜಹಾನನ ಆಳ್ವಿಕೆಯಲ್ಲಿ, ಈ ಧರ್ಮಶಾಲೆಯನ್ನು ಕಟ್ಟಲಾಯಿತು. ಹತ್ತೊಂಬತ್ತನೆಯ ಶತಮಾನದಿಂದ ಇದು ಸೂರತ್ ನಗರಸಭೆಯ ಕಚೇರಿಯಾಗಿದೆ. ಪರದೇಶಿಗಳಿಗಾಗಿ ಕಟ್ಟಿದ ಛತ್ರದಲ್ಲಿ ಕುಳಿತು ಈ ಊರಿನ ಆಡಳಿತ ನಡೆದಿದೆ. ಊರವನು ಯಾರು, ಹೊರಗಿನವನು ಯಾರು ಎಂದು ವಾದಿಸುವವರು ಈ ಅಂಗಳದಲ್ಲಿ ಒಂದು ಗಳಿಗೆ ನಿಂತು ಬರಬೇಕು.

ಸೂರತ್ತನ್ನು ಬೆಳೆಸಿದ್ದು ಹೊರಗಿನಿಂದ ಬಂದವರ ಕೈ. ಒಡಿಶಾದ ಗಂಜಾಂ ಜಿಲ್ಲೆಯವರು ಮಗ್ಗದ ಕಾರ್ಖಾನೆಗಳಲ್ಲಿ, ಸೌರಾಷ್ಟ್ರದವರು ವಜ್ರದ ಕೆಲಸದಲ್ಲಿ, ನಮ್ಮ ಕರಾವಳಿಯವರು ಹೋಟೆಲುಗಳಲ್ಲಿ ದುಡಿದರು. ಅಂತಹ ಹೋಟೆಲೊಂದರ ಅಡಿಗೆಮನೆಯ ಕಥೆ ಇದು. ಮಾಲೀಕರು ಬೈಂದೂರು ಕಡೆಯವರು, ನನಗೆ ಹಳೆಯ ಪರಿಚಯ. ಅಲ್ಲಿ ಹಿಟ್ಟು ರುಬ್ಬುವ ಕೆಲಸಕ್ಕೆ ಪಶ್ಚಿಮ ಬಂಗಾಳದ ಮಾಲ್ದಾ ಜಿಲ್ಲೆಯ ಒಬ್ಬ ಹುಡುಗನಿದ್ದಾನೆ. ಕುಂದಾಪುರ ಕನ್ನಡದಲ್ಲಿ "ಬಿಸಿ ಇತ್ತ್, ಕಾಣಿ" ಎಂದು ಹೇಳುವಷ್ಟು ನಮ್ಮವನಾಗಿದ್ದಾನೆ.

2025ರ ಏಪ್ರಿಲ್ 22ರಂದು ಪಹಲ್ಗಾಮಿನಲ್ಲಿ ಭಯೋತ್ಪಾದಕರು 26 ಮಂದಿಯನ್ನು ಕೊಂದರು. ಸತ್ತವರಲ್ಲಿ ಕರ್ನಾಟಕದವರೂ ಇದ್ದರು, ಸೂರತ್ತಿನವರೂ ಇದ್ದರು. ಆ ದುಃಖ, ಆ ಸಿಟ್ಟು ಎಲ್ಲರದೂ ಆಗಿತ್ತು. ಸುರಕ್ಷತೆಯ ಮಾತು ಬರಿಯ ನೆಪವಲ್ಲ ಎಂಬುದು ಈ ರಾಜ್ಯದವರಿಗೆ ಚೆನ್ನಾಗಿ ಗೊತ್ತು. 2008ರ ಜುಲೈ 26ರಂದು ಅಹಮದಾಬಾದಿನಲ್ಲಿ ಸರಣಿ ಬಾಂಬುಗಳು ಸಿಡಿದು 56 ಜನ ಸತ್ತರು. ಮರುದಿನಗಳಲ್ಲಿ ಸೂರತ್ತಿನಲ್ಲಿ ಸಿಡಿಯದ ಬಾಂಬುಗಳು ಒಂದರ ಹಿಂದೆ ಒಂದು ಸಿಕ್ಕಿದವು.

ಪಹಲ್ಗಾಮಿನ ನಾಲ್ಕು ದಿನಗಳ ಮೇಲೆ, ಏಪ್ರಿಲ್ 26ರ ನಸುಕಿನಲ್ಲಿ, ಅಕ್ರಮವಾಗಿ ನೆಲೆಸಿದ ಬಾಂಗ್ಲಾದೇಶೀಯರನ್ನು ಹುಡುಕುವ ಕಾರ್ಯಾಚರಣೆ ನಡೆಯಿತು. ಅಹಮದಾಬಾದಿನಲ್ಲಿ 890, ಸೂರತ್ತಿನಲ್ಲಿ 134 ಮಂದಿಯನ್ನು ವಶಕ್ಕೆ ತೆಗೆದುಕೊಂಡರು. ಅವರನ್ನು ಸಾಲಾಗಿ ನಡೆಸಿಕೊಂಡು ಹೋದ ದೃಶ್ಯವನ್ನು ನೀವೂ ಟಿವಿಯಲ್ಲಿ ನೋಡಿರುತ್ತೀರಿ. ಎರಡೇ ದಿನಗಳಲ್ಲಿ ರಾಜ್ಯದಾದ್ಯಂತ ವಿಚಾರಣೆಗೊಳಗಾದವರ ಸಂಖ್ಯೆ 6,500 ದಾಟಿತು. ಅವರಲ್ಲಿ ದಾಖಲೆಗಳ ಆಧಾರದ ಮೇಲೆ ಬಾಂಗ್ಲಾದೇಶೀಯರೆಂದು ಅಷ್ಟರಲ್ಲಿ ಖಚಿತವಾದವರು 450 ಮಂದಿ ಎಂದು ರಾಜ್ಯದ ಪೊಲೀಸ್ ಮುಖ್ಯಸ್ಥರು ತಿಳಿಸಿದರು.

6,500 ಮತ್ತು 450. ಈ ಎರಡು ಅಂಕಿಗಳ ನಡುವೆ ಇದ್ದವರಲ್ಲಿ ನಮ್ಮ ಹಿಟ್ಟು ರುಬ್ಬುವ ಹುಡುಗನೂ ಒಬ್ಬ. ಮಾಲೀಕರು ಅವನ ಆಧಾರ್ ಕಾರ್ಡಿನ ಜೆರಾಕ್ಸ್ ಹಿಡಿದು ಠಾಣೆಗೆ ಹೋದರು. ಅಧಿಕಾರಿ ಮರ್ಯಾದೆಯಿಂದಲೇ ಮಾತನಾಡಿ, ಆಧಾರ್ ಸಾಲದು ಎಂದರು. ಮಾಲ್ದಾದಿಂದ ಅವನ ತಾಯಿ ಮತದಾರರ ಚೀಟಿ, ಶಾಲೆಯ ಪ್ರಮಾಣಪತ್ರಗಳ ಫೋಟೋ ಕಳಿಸಿದರು. ಮೂರನೆಯ ದಿನ ಹುಡುಗ ಹಿಂದೆ ಬಂದ. "ನಿಮಗೇಕೆ ಇಷ್ಟು ಉಸಾಬರಿ?" ಎಂದು ನಾನು ಕೇಳಿದಾಗ ಮಾಲೀಕರು ಹೇಳಿದರು: "ಮಾರಾಯ್ರೆ, ಮುಂಬಯಿಯಂಗೆ ನಮ್ ಅಪ್ಪಯ್ಯನ ಹೋಟ್ಲಿಗೆ ಕಲ್ಲ್ ಬಿದ್ದಾಗ ಬದಿಯ ಅಂಗಡಿಯ ಮರಾಠಿಯವ್ರ್ ಬಾಗ್ಲೆದುರು ನಿಂತ್ಕಂಡಿದ್ರ್. ಆ ಋಣ ಯಾರಿಗಾರೂ ತೀರ್ಸ್ಕಲ್ದಾ?"

1960ರ ದಶಕದ ಕೊನೆಯಲ್ಲಿ ಮುಂಬಯಿಯಲ್ಲಿ ದಕ್ಷಿಣದವರ ವಿರುದ್ಧ ಚಳವಳಿ ನಡೆದು ಉಡುಪಿ ಹೋಟೆಲುಗಳ ಮೇಲೆ ದಾಳಿಯಾದದ್ದನ್ನು ನಿಮ್ಮ ಅಜ್ಜಂದಿರನ್ನು ಕೇಳಿ ತಿಳಿದುಕೊಳ್ಳಿ. ಆಗ ಹೊರಗಿನವರು ನಾವಾಗಿದ್ದೆವು.

ಹುಡುಗ ಬಂದ ನಂತರವೂ ಒಂದು ವಿಷಯ ಮಾಲೀಕರ ಮನಸ್ಸಿಗೆ ಚುಚ್ಚಿತಂತೆ. ಮೊದಲು ಸಂಜೆ ಫುಟ್‌ಪಾತಿನಲ್ಲಿ ನಿಂತು ಊರಿಗೆ ಫೋನ್ ಮಾಡಿ ದೊಡ್ಡ ಗಂಟಲಿನಲ್ಲಿ ಮಾತನಾಡುತ್ತಿದ್ದವನು, ಆಮೇಲೆ ಗೋದಾಮಿನ ಬಾಗಿಲು ಹಾಕಿಕೊಂಡು ಪಿಸುಗುಟ್ಟತೊಡಗಿದ. ಯಾಕೆಂದರೆ ಅವನ ಭಾಷೆ ಬಂಗಾಳಿ. ತಾಯಿಯ ಜೊತೆ ತಾಯ್ನುಡಿಯಲ್ಲಿ ಮಾತನಾಡಲು ಹೆದರಬೇಕಾದ ಸ್ಥಿತಿ! ಕನ್ನಡ ಸಂಘದ ಮಕ್ಕಳಾದ ನಿಮಗೆ ಇದರ ನೋವನ್ನು ನಾನು ವಿವರಿಸಿ ಹೇಳಬೇಕಾಗಿಲ್ಲ.

ಬನ್ನಿ, ಭರೂಚಿನಲ್ಲಿ ನರ್ಮದೆಯನ್ನು ದಾಟಿ ವಡೋದರಾಕ್ಕೆ ಹೋಗೋಣ. ಈ ಊರಿನ ಹೆಸರು ಮೊದಲು ಕಾಣಿಸುವ ದಾಖಲೆ ಯಾವುದು ಗೊತ್ತೇ? ಕ್ರಿ.ಶ. 812ರ ತಾಮ್ರಶಾಸನ. ರಾಷ್ಟ್ರಕೂಟರ ಗುಜರಾತ್ ಶಾಖೆಯ ಕರ್ಕನೆಂಬ ಅರಸ ವಟಪದ್ರಕ ಎಂಬ ಗ್ರಾಮವನ್ನು ಒಬ್ಬ ವಿದ್ವಾಂಸನಿಗೆ ದಾನ ಕೊಟ್ಟ ದಾಖಲೆ ಅದು. ಅಂದರೆ ವಡೋದರಾದ 'ಜನನ ಪ್ರಮಾಣಪತ್ರ'ದ ಮೇಲೆ ಇರುವುದು ನಮ್ಮ ರಾಷ್ಟ್ರಕೂಟರ ಮನೆತನದ ಸಹಿ! ಮಗಳಿಗೆ ಇದನ್ನು ಹೇಳಿದಾಗ ಅವಳು ಕೊನೆಗೂ ನಕ್ಕಳು. ಮಂಗಳೂರಿನಲ್ಲಿ 1931ರಲ್ಲಿ ಹುಟ್ಟಿದ ವಿಜಯಾ ಬ್ಯಾಂಕ್ 2019ರ ಏಪ್ರಿಲ್ 1ರಂದು ವಿಲೀನವಾದದ್ದೂ ಇದೇ ಊರಿನ ಬ್ಯಾಂಕ್ ಆಫ್ ಬರೋಡಾದಲ್ಲಿ. ಕೊಡುಕೊಳ್ಳುವ ಸಂಬಂಧ ಹನ್ನೆರಡು ಶತಮಾನ ಹಳೆಯದು.

ಆದರೆ ಈ ಊರಿನಲ್ಲಿ ನೀವು ಮರೆಯದೆ ನೋಡಬೇಕಾದದ್ದು ಸಯಾಜಿಬಾಗ್, ಹಳಬರ ಬಾಯಲ್ಲಿ ಕಮಾಟಿಬಾಗ್. ಬರೋಡಾ ಸಂಸ್ಥಾನದ ವಿದ್ಯಾರ್ಥಿವೇತನದಿಂದ ಅಮೆರಿಕದಲ್ಲಿ ಓದಿದ ಡಾ. ಬಿ. ಆರ್. ಅಂಬೇಡ್ಕರ್ 1917ರಲ್ಲಿ ಇಲ್ಲಿಗೆ ನೌಕರಿಗೆ ಬಂದರು. ಅಸ್ಪೃಶ್ಯರೆಂಬ ಕಾರಣಕ್ಕೆ ಯಾರೂ ಮನೆ ಕೊಡಲಿಲ್ಲ. ಪಾರ್ಸಿ ಹೆಸರಿನಲ್ಲಿ ಪಾರ್ಸಿಗಳ ವಸತಿಗೃಹವೊಂದರಲ್ಲಿ ಉಳಿದುಕೊಂಡರು. ಹನ್ನೊಂದನೆಯ ದಿನ ದೊಣ್ಣೆ ಹಿಡಿದ ಗುಂಪೊಂದು ಬಂದು ಸಂಜೆಯೊಳಗೆ ಖಾಲಿ ಮಾಡೆಂದು ಬೆದರಿಸಿತು. ಒಬ್ಬ ಹಿಂದೂ ಮಿತ್ರನನ್ನೂ ಒಬ್ಬ ಕ್ರೈಸ್ತ ಮಿತ್ರನನ್ನೂ ಕೇಳಿದರು, ಇಬ್ಬರೂ ನೆಪ ಹೇಳಿದರು. ಈ ತೋಟದಲ್ಲಿ ಕುಳಿತು ಹೊತ್ತು ಕಳೆದು, ರಾತ್ರಿಯ ರೈಲಿನಲ್ಲಿ ಮುಂಬಯಿಗೆ ಹೊರಟುಹೋದರು. ಇದನ್ನೆಲ್ಲ ಅವರು ಬರೆದಿಟ್ಟ ಪುಟ್ಟ ಆತ್ಮಕಥನದ ಹೆಸರೇ 'ವೇಟಿಂಗ್ ಫಾರ್ ಎ ವೀಸಾ'. ತನ್ನ ದೇಶದೊಳಗೇ ವೀಸಾಕ್ಕಾಗಿ ಕಾದು ಕುಳಿತ ಪ್ರಜೆಯ ಕಥೆ! ಅವರು ಕುಳಿತಿದ್ದ ಜಾಗವನ್ನು ಈಗ ಸಂಕಲ್ಪಭೂಮಿ ಎನ್ನುತ್ತಾರೆ.

ಸಂಜಾಣದಲ್ಲಿ ಆಶ್ರಯ ಪಡೆದವರ ಮುಂದಿನವರೇ ವಡೋದರಾದಲ್ಲಿ ಬಾಗಿಲು ಮುಚ್ಚಿದರಲ್ಲಾ ಎಂದು ನಿಮಗೆ ಅನಿಸಬಹುದು. ಯಾವ ಒಂದು ಸಮುದಾಯವನ್ನು ದೂರಲೂ ನಾನಿದನ್ನು ಹೇಳುತ್ತಿಲ್ಲ. ಬಾಗಿಲು ಮುಚ್ಚಿದವರಲ್ಲಿ ಎಲ್ಲರೂ ಇದ್ದರು. ಆಸರೆ ಪಡೆದವರು ಆಸರೆ ಕೊಡುವುದನ್ನು ಎಷ್ಟು ಬೇಗ ಮರೆಯುತ್ತೇವೆ! ಅದೇ ನಾವು ಹೆದರಬೇಕಾದ ಸಂಗತಿ. 2018ರ ಅಕ್ಟೋಬರಿನಲ್ಲಿ, ಒಂದು ಅಪರಾಧಕ್ಕೆ ಒಬ್ಬನ ಬಂಧನವಾದ ಮೇಲೆ, ಉತ್ತರ ಭಾರತದ ಸಾವಿರಾರು ಕೂಲಿಗಳು ಹಲ್ಲೆಗೆ ಹೆದರಿ ಗುಜರಾತು ಬಿಟ್ಟು ರೈಲು ಬಸ್ಸು ಹತ್ತಿದರು. ನಮ್ಮ ಬಡಾವಣೆಯಲ್ಲೂ "ಪರಪ್ರಾಂತೀಯರು ಹೋದದ್ದು ಒಳ್ಳೆಯದಾಯಿತು" ಎಂದವರಿದ್ದರು. ಹಾಗೆಂದವರಲ್ಲಿ ಒಬ್ಬಿಬ್ಬರು ಕನ್ನಡಿಗರೂ ಇದ್ದರು. ತಾವೂ ಪರಪ್ರಾಂತೀಯರೇ ಎಂಬುದನ್ನು ಅವರು ಮರೆತಿದ್ದರು.

ಕೊನೆಯ ನಿಲ್ದಾಣ ಅಹಮದಾಬಾದ್. 1411ರಲ್ಲಿ ಅಹಮದ್ ಶಾಹನು ಕಟ್ಟಿಸಿದ ಊರು. 2017ರಿಂದ ವಿಶ್ವ ಪರಂಪರೆಯ ನಗರ. ಕೋಟೆಯೊಳಗಿನ ಪೋಳುಗಳಲ್ಲಿ ಒಮ್ಮೆ ಅಡ್ಡಾಡಿ. ಒಂದು ಇಕ್ಕಟ್ಟಾದ ಓಣಿ, ಅದಕ್ಕೊಂದು ದೊಡ್ಡ ಬಾಗಿಲು, ಒಳಗೆ ಹಕ್ಕಿಗಳಿಗೆ ಕಾಳು ಹಾಕುವ ಚಬೂತರೆ. ಬಾಗಿಲು ಕಾವಲಿಗೆ, ಚಬೂತರೆ ಅತಿಥಿಗೆ. ಮತ್ತೆ ನಮ್ಮ ಅವನಿಜನಾಶ್ರಯನೇ ನೆನಪಾಗುತ್ತಾನೆ. ಆದರೆ ಗಲಭೆಗಳಿಂದ ನೊಂದ ಈ ಊರಿನಲ್ಲಿ ಬಾಗಿಲುಗಳು ಮನಸ್ಸಿನೊಳಗೂ ಎದ್ದಿವೆ. 1991ರ ಪ್ರಕ್ಷುಬ್ಧ ಪ್ರದೇಶಗಳ ಕಾಯ್ದೆಯ ಪ್ರಕಾರ, ಗೊತ್ತುಪಡಿಸಿದ ಪ್ರದೇಶಗಳಲ್ಲಿ ಮನೆ ಮಾರಲು ಕಲೆಕ್ಟರರ ಅನುಮತಿ ಬೇಕು. ಗಲಭೆಗೆ ಹೆದರಿ ಜನ ಅಗ್ಗಕ್ಕೆ ಮನೆ ಮಾರಿ ಓಡಿಹೋಗದಿರಲಿ ಎಂದು ಆದ ಕಾನೂನು ಅದು. ಒಂದು ಧರ್ಮದವರು ಇನ್ನೊಂದು ಧರ್ಮದವರ ನೆರೆಯಲ್ಲಿ ಮನೆ ಕೊಳ್ಳುವುದೂ ಅದರಿಂದ ಕಷ್ಟವಾಯಿತು ಎಂಬ ದೂರೂ ಇದೆ.

ಗಾಂಧೀಜಿ 1915ರ ಮೇ 25ರಂದು ತಮ್ಮ ಆಶ್ರಮವನ್ನು ತೆರೆದದ್ದು ಇಲ್ಲಿಯ ಕೋಚರಬ್‌ನಲ್ಲಿ. ಅವರು ದಕ್ಷಿಣ ಆಫ್ರಿಕದಿಂದ ಆಗಷ್ಟೇ ಬಂದಿದ್ದರು. ಅಲ್ಲಿ ಅವರ ಸತ್ಯಾಗ್ರಹ ಹುಟ್ಟಿದ್ದು ಯಾವುದರ ವಿರುದ್ಧ? ಭಾರತೀಯರೆಲ್ಲ ಬೆರಳಚ್ಚು ಕೊಟ್ಟು ಹೆಸರು ನೋಂದಾಯಿಸಿ, ಕೇಳಿದಲ್ಲಿ ಪ್ರಮಾಣಪತ್ರ ತೋರಿಸಬೇಕೆಂಬ ಟ್ರಾನ್ಸ್‌ವಾಲಿನ ಕಾನೂನಿನ ವಿರುದ್ಧ. 1908ರ ಆಗಸ್ಟ್ 16ರಂದು ಜೋಹಾನ್ಸ್‌ಬರ್ಗಿನ ಮಸೀದಿಯೊಂದರ ಆವರಣದಲ್ಲಿ ಹಿಂದೂ, ಮುಸ್ಲಿಂ, ಪಾರ್ಸಿಗಳೆಲ್ಲ ಸೇರಿ ಎರಡು ಸಾವಿರಕ್ಕೂ ಹೆಚ್ಚು ಪ್ರಮಾಣಪತ್ರಗಳನ್ನು ಸುಟ್ಟರು. ಕೋಚರಬ್‌ನಲ್ಲಿ ದೂದಾಭಾಯಿಯವರ ದಲಿತ ಕುಟುಂಬವನ್ನು ಆಶ್ರಮಕ್ಕೆ ಸೇರಿಸಿಕೊಂಡಾಗ ದಾನಿಗಳು ಹಣ ನಿಲ್ಲಿಸಿದರು. ಆಗ ಹೆಸರು ಹೇಳಿಕೊಳ್ಳದ ಶೇಠರೊಬ್ಬರು ಬಂದು 13,000 ರೂಪಾಯಿ ಕೊಟ್ಟುಹೋದರು. ಮುಚ್ಚಿದ ಬಾಗಿಲುಗಳ ಊರಿನಲ್ಲೇ ಅಂತಹವರೂ ಇದ್ದರು.

ದೇಶ ವಿಭಜನೆಯಾದಾಗ ಓಡಿಬಂದ ಸಿಂಧಿಗಳು ಇದೇ ಊರಿನ ಸರದಾರನಗರ, ಕುಬೇರನಗರಗಳಲ್ಲಿ ಬದುಕು ಕಟ್ಟಿಕೊಂಡರು. 2024ರ ಆಗಸ್ಟ್ 18ರಂದು ಪಾಕಿಸ್ತಾನದಿಂದ ಬಂದ 188 ಹಿಂದೂ ನಿರಾಶ್ರಿತರಿಗೆ ಇಲ್ಲಿ ಭಾರತದ ಪೌರತ್ವದ ಪತ್ರ ಸಿಕ್ಕಿತು. ಅವರ ಕಣ್ಣೀರು ಸಂತೋಷದ್ದು. 2025ರ ಏಪ್ರಿಲ್ 29ರಿಂದ ಚಂಡೋಲಾ ಕೆರೆಯ ದಂಡೆಯ ಗುಡಿಸಲುಗಳನ್ನು ಬುಲ್ಡೋಜರುಗಳು ಕೆಡವಿದವು. ಕೆರೆಯ ಜಾಗದ ಒತ್ತುವರಿ, ಅಕ್ರಮ ವಾಸಿಗಳ ಅಡಗುದಾಣ ಎಂದು ಆಡಳಿತ ಹೇಳಿತು. ಮನೆ ಕಳೆದುಕೊಂಡವರಲ್ಲಿ ಹತ್ತಾರು ವರ್ಷಗಳಿಂದ ಅಲ್ಲಿದ್ದೇವೆ ಎಂದವರಿದ್ದರು. ಅವರದೂ ಕಣ್ಣೀರೇ. ಇನ್ನು 2025ರ ಫೆಬ್ರವರಿ 5ರಂದು ಅಮೆರಿಕದ ಸೇನಾ ವಿಮಾನ 104 ಭಾರತೀಯರನ್ನು ಕೈಕಾಲಿಗೆ ಸಂಕೋಲೆ ಹಾಕಿ ಅಮೃತಸರಕ್ಕೆ ತಂದಿಳಿಸಿತು. ಅವರಲ್ಲಿ 33 ಮಂದಿ ಗುಜರಾತಿನವರು. ಮರುದಿನ ಅಹಮದಾಬಾದ್ ವಿಮಾನ ನಿಲ್ದಾಣದಿಂದ ಮುಖ ಮುಚ್ಚಿಕೊಂಡು ಹೊರಬಂದ ಅವರನ್ನು ಕಂಡು ಇಡೀ ರಾಜ್ಯ ಮರುಗಿತು. "ಕಳುಹಿಸಲಿ, ಅದು ಅವರ ಕಾನೂನು. ಆದರೆ ಸಂಕೋಲೆ ಏಕೆ?" ಎಂದು ನಮ್ಮ ನೆರೆಯ ಗುಜರಾತಿ ಕಾಕಾ ಕೇಳಿದರು. ನ್ಯಾಯವಾದ ಪ್ರಶ್ನೆ. ಏಪ್ರಿಲಿನಲ್ಲಿ ನಮ್ಮ ಬೀದಿಗಳಲ್ಲಿ ಸಾಲು ಹೊರಟಾಗಲೂ ಆ ಪ್ರಶ್ನೆಯನ್ನು ನಾವು ಕೇಳಬೇಕಾಗಿತ್ತು. ನಾನೂ ಆ ದಿನ ಟಿವಿ ನೋಡುತ್ತಾ ಚಹಾ ಕುಡಿದೆ, ಏನೂ ಕೇಳಲಿಲ್ಲ. ಆ ನಾಚಿಕೆಯಿಂದಲೇ ಇದನ್ನು ಬರೆಯುತ್ತಿದ್ದೇನೆ.

ಪ್ರವಾಸ ಮುಗಿಯಿತು. ಇನ್ನು ಮನೆಗೆ ಹೋಗಿ ಮಾಡಬೇಕಾದ ಕೆಲಸ. ಮೊದಲು ನಿಮ್ಮ ಮನೆಯ ಟ್ರಂಕನ್ನು ತೆರೆಯಿರಿ. ಎಲ್ಲ ದಾಖಲೆಗಳಲ್ಲಿ ಹೆಸರು, ತಂದೆಯ ಹೆಸರು, ಜಿಲ್ಲೆ ಒಂದೇ ರೀತಿ ಇವೆಯೇ ನೋಡಿ, ಇಲ್ಲದಿದ್ದರೆ ಈಗಲೇ ತಿದ್ದಿಸಿ. ಆಧಾರ್ ಪೌರತ್ವದ ಪುರಾವೆಯಲ್ಲ ಎಂದು ಆಧಾರ್ ಕಾಯ್ದೆಯೇ ಹೇಳುತ್ತದೆ, ನೆನಪಿರಲಿ. 1987ರ ಜುಲೈ 1ಕ್ಕಿಂತ ಮೊದಲು ಭಾರತದಲ್ಲಿ ಹುಟ್ಟಿದವರು ಹುಟ್ಟಿನಿಂದಲೇ ಪ್ರಜೆಗಳು. ಅಂದಿನಿಂದ 2004ರ ಡಿಸೆಂಬರ್ 3ಕ್ಕೆ ಮೊದಲು ಹುಟ್ಟಿದವರ ತಂದೆ ತಾಯಿಯರಲ್ಲಿ ಒಬ್ಬರಾದರೂ ಭಾರತೀಯರಾಗಿರಬೇಕು. ಅನಂತರ ಹುಟ್ಟಿದವರಿಗೆ ಇಬ್ಬರೂ ಭಾರತೀಯರಾಗಿರಬೇಕು, ಅಥವಾ ಒಬ್ಬರು ಭಾರತೀಯರಾಗಿದ್ದು ಇನ್ನೊಬ್ಬರು ಅಕ್ರಮ ವಲಸಿಗರಾಗಿರಬಾರದು. ಅಂದರೆ ನಿಮ್ಮಲ್ಲಿ ಬಹುಮಂದಿಗೆ ನಿಮ್ಮ ಕಾಗದದ ಜೊತೆ ಅಪ್ಪ ಅಮ್ಮನ ಕಾಗದವೂ ಮುಖ್ಯ. 2023ರ ಅಕ್ಟೋಬರ್ 1ರ ನಂತರ ಹುಟ್ಟಿದ ಮಕ್ಕಳಿಗಂತೂ ಶಾಲೆಯಿಂದ ಹಿಡಿದು ಮತದಾರರ ಪಟ್ಟಿಯವರೆಗೆ ಜನನ ಪ್ರಮಾಣಪತ್ರವೇ ಆಧಾರ. ಹೊಸದಾಗಿ ತಂದೆ ತಾಯಿ ಆದವರು ಉದಾಸೀನ ಮಾಡಬೇಡಿ.

ಎರಡನೆಯ ಕೆಲಸ. ನಿಮಗೆ ಗುಜರಾತಿ ಓದಲು ಬರೆಯಲು ಬರುತ್ತದೆ, ಕಂಪ್ಯೂಟರೂ ಗೊತ್ತು. ನಿಮ್ಮ ಮನೆಗೆ ಪಾತ್ರೆ ತೊಳೆಯಲು ಬರುವ ಬಾಯಿಗೆ, ಹೋಟೆಲಿನ ಹುಡುಗನಿಗೆ, ಕಾವಲಿನ ಭಯ್ಯಾನಿಗೆ ಒಂದು ಫಾರ್ಮು ತುಂಬಿಕೊಡಿ. ನಮ್ಮ ಸಂಘದಲ್ಲಿ ತಿಂಗಳಿಗೊಂದು ಭಾನುವಾರ ಇದಕ್ಕಾಗಿ ಮೇಜು ಹಾಕೋಣವೆಂದು ಕಾರ್ಯಕಾರಿ ಸಮಿತಿಯನ್ನು ಕೇಳುವವನಿದ್ದೇನೆ. ಮೇಜಿಗೆ ಜನ ಬೇಕು. ಮಗಳು ಆಗಲೇ ಹೆಸರು ಕೊಟ್ಟಿದ್ದಾಳೆ.

ಅಂದ ಹಾಗೆ, ಸೂರತ್ತಿನ ಆ ಹುಡುಗನನ್ನು ಮೊನ್ನೆ ನೋಡಿದೆ. ನಾನು ಹೋಟೆಲಿನಿಂದ ಹೊರಡುವಾಗ ಅವನು ಹೊರಗೆ ನಿಂತು ತಾಯಿಯ ಜೊತೆ ಫೋನಿನಲ್ಲಿ ಮಾತನಾಡುತ್ತಿದ್ದ. ಮೊದಲಿನಷ್ಟು ದೊಡ್ಡ ದನಿಯಲ್ಲಿ ಅಲ್ಲ. ಆದರೂ ಬಂಗಾಳಿಯಲ್ಲಿ, ಬೀದಿಯಲ್ಲಿ ನಿಂತು. ಅವನ ದನಿ ಮತ್ತೆ ಮೊದಲಿನಂತಾಗಲು ಇನ್ನೆಷ್ಟು ದಿನ ಬೇಕೋ, ಅದು ನಮ್ಮ ನಿಮ್ಮಂಥ ನೆರೆಹೊರೆಯವರ ಮೇಲೂ ನಿಂತಿದೆ. ಏನಂತೀರಿ?